ಅತ್ತೆಯಂದಿರ ಅದಲುಬದಲು

ಮಾನ್ಯ ಅಧ್ಯಕ್ಷರೇ, ಉತ್ತರ ಸೀಮೆಯಿಂದ ನಮ್ಮ ಮಸಾಕಾ ಊರಿನವರೆಗೆ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ಈ ಆರೋಗ್ಯ ಕೇಂದ್ರದ ಬಂಧುಗಳೇ, ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ನನ್ನ ಪತ್ನಿ ನಕಿವಾಲಾ ರಕ್ತದೊತ್ತಡದ ಮಾತ್ರೆಗೆ ಬರುವುದನ್ನು ಮರೆಯುತ್ತಿದ್ದಳೆಂದು ಡಾಕ್ಟರ್ ಕಿಬಿರಿಗೆ ಅವರು ಈಗತಾನೆ ಹೇಳಿದರು. ಆಕೆ ಮರೆಯುವವಳೇ? ಮದುವೆಯ ದಿನ ನನ್ನ ಚಿಕ್ಕಪ್ಪ ಆಡಿದ ಕೊಂಕುಮಾತನ್ನು ಆಕೆ ಇಂದಿಗೂ ಅಲ್ಪವಿರಾಮ ಸಹಿತ ಒಪ್ಪಿಸುತ್ತಾಳೆ!

ಆದರೂ ಮಾತ್ರೆ ತಪ್ಪಿತು, ಎಡಗೈ ಜೋಮುಹಿಡಿಯಿತು. ಇನ್ನೊಮ್ಮೆ ಹೀಗಾದರೆ ಅರ್ಧ ದೇಹವೇ ಹೋದೀತೆಂದು ಡಾಕ್ಟರು ಎಚ್ಚರಿಸಿದರು. "ಯಾಕಜ್ಜಿ, ಮರ್ತ್ರಾ?" ಎಂದು ಕೇಳಿದರು. "ಹೂಂ ಮಗ, ಮರ್ತೆ" ಎಂದಳು. ಮೊಮ್ಮಗನ ವಯಸ್ಸಿನ ಗಂಡಸಿನೆದುರು ಮತ್ತೇನು ಹೇಳಿಯಾಳು?

ಆಗ ಇಲ್ಲಿಗೆ ಬಂದವರೇ ನಾವಿಂದು ಸನ್ಮಾನಿಸುತ್ತಿರುವ ಸಮಾಜ ಕಾರ್ಯಕರ್ತೆ ಕುಮಾರಿ ನಬುಕೇರಾ. ಔಷಧಿ ಕಿಟಕಿಯ ಪಕ್ಕದಲ್ಲೇ ಅವರಿಗೊಂದು ಮೇಜು ಹಾಕಿದರು. ಅವರು ಕೇಳಿದ್ದು ಮಾತ್ರೆಯ ವಿಷಯವನ್ನಲ್ಲ.

"ಅಜ್ಜಿ, ಇವತ್ತು ಹೆಂಗೆ ಬಂದ್ರಿ?"

"ನಡ್ಕೊಂಡು ಕಣಮ್ಮ. ಗುಡ್ಡ ಇಳ್ದು, ಜೌಗು ದಾಟಿ."

"ನಿಮ್ಮ ಗುಡ್ಡದಲ್ಲಿ ಬಾಡಿಗೆ ಮೋಟಾರ್‌ಸೈಕಲ್ ಇಲ್ವಾ?"

"ಒಂದದೆ. ಓಡ್ಸೋನು ನನ್ನ ಅಳಿಯ, ಲುಬೋವಾ."

"ಅಯ್ಯಯ್ಯೋ!"

ಮುಖ್ಯ ಅತಿಥಿಗಳೇ, ತಮಗಾಗಿ ಹೇಳುತ್ತೇನೆ: ನಮ್ಮ ಗಂಡಾ ಬುಡಕಟ್ಟಿನ ಜನರಲ್ಲಿ ಅತ್ತೆ ಅಳಿಯನನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ಮೈ ನಡುಗುವ ರೋಗ ಬರುತ್ತದೆಂಬ ಭಯ. ಹಾಗಿರುವಾಗ ಬೆನ್ನಿಗಂಟಿ ಕೂರುವುದೆಂತು?

"ಬೇರೆಯವನ್ನ ಕರೆಸಬಹುದಲ್ಲ ಅಜ್ಜಿ?"

"ಬೇರೆ ಗಾಡಿ ಹತ್ತಿದ್ರೆ ಅವನ ಮಾನ ಹೋಯ್ತದೆ, ಅವನ ಗಾಡಿ ಹತ್ತಿದ್ರೆ ನನ್ ಮಾನ ಹೋಯ್ತದೆ. ಮಾನ ಕೇಳದೆ ಇರೋದು ನನ್ ಕಾಲು ಒಂದೇ."

ಆ ಕಾಲೂ ಸೋತಾಗ ಬರುವುದು ನಿಂತಿತ್ತು. ಇದನ್ನು ನಾನು ಬಲ್ಲವನೇ; ನನ್ನನ್ನು ಯಾರೂ ಕೇಳಿರಲಿಲ್ಲ.

ಕುಮಾರಿ ನಬುಕೇರಾ ಮರುದಿನವೇ ಗಾಡಿಗಳು ನಿಲ್ಲುವ ಅಡ್ಡಾಕ್ಕೆ ಹೋದರು. ಅಲ್ಲೇ ಗಾಡಿ ಓಡಿಸುವ ಎದುರು ಗುಡ್ಡದ ಮುಗೇರ್ವಾನಿಗೂ ಸಕ್ಕರೆ ಕಾಯಿಲೆಯ ಅತ್ತೆಯೊಬ್ಬರಿದ್ದರು, ಅವರೂ ನಡೆಯುವವರೇ. "ನಿನ್ನ ಅತ್ತೇನ ಅವನು ಕರ್ಕೊಂಡ್ ಬರ್ಲಿ, ಅವನ ಅತ್ತೇನ ನೀನು ಕರ್ಕೊಂಡ್ ಬಾ" ಎಂದು ಲುಬೋವಾನಿಗೆ ಹೇಳಿ ಇತ್ಯರ್ಥ ಮಾಡಿದರು. ಯಾರ ಮಾನವೂ ಹೋಗಲಿಲ್ಲ. ನಮ್ಮ ಅಳಿಯ ಮುಖ ತಿರುಗಿಸಿಕೊಂಡೇ ಹೇಳಿದನಂತೆ: "ನಮ್ಮತ್ತೆ ಭಾರ ಕಣೋ, ಚಕ್ರಕ್ಕೆ ಗಾಳಿ ಹೊಡ್ಸು."

ಈಗ ಚಿಕಿತ್ಸೆಯ ದಿನ ಎರಡು ಗಾಡಿಗಳೂ ಹಿಂದೆಮುಂದೆ ಬರುತ್ತವೆ. ಹಿಂದಿನ ಗಾಡಿಯಿಂದ ನನ್ನ ಪತ್ನಿಯ ಕೂಗು: "ಅಳಿಯನ ಧೂಳು ಕುಡ್ಸ್ತೀಯೇನೋ ನಂಗೆ? ಮುಂದಕ್ಕೆ ಹಾಕೋ!" ಅದೋ, ಮೂರನೆಯ ಸಾಲಿನಲ್ಲಿ ಕುಳಿತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ಆದ್ದರಿಂದ ಬೇಗ ಮುಗಿಸುತ್ತೇನೆ.

ಆಕೆಯ ಎಡಗೈ ಸೋತಿದ್ದ ತಿಂಗಳುಗಳಲ್ಲಿ ಮನೆಯಲ್ಲಿ ಮಟೋಕೆ ಬಾಳೆಕಾಯಿ ಸುಲಿಯುತ್ತಿದ್ದವನು ನಾನು. ಕಳೆದ ಭಾನುವಾರ ಆಕೆ ಚಾಕು ಕಿತ್ತುಕೊಂಡಳು. ಎಡಗೈಯಲ್ಲಿ ಕಾಯಿ ಗಟ್ಟಿಯಾಗಿ ಹಿಡಿದಳು. "ಏಳಿ ಮೇಷ್ಟ್ರೇ, ಸಿಪ್ಪೆಗಿಂತ ತಿರುಳೇ ಜಾಸ್ತಿ ಕಸಕ್ಕೆ ಹೋಯ್ತಾದೆ. ನಡೀರಿ ಆಚೆ" ಎಂದಳು. ಶಾಲೆಯಿಂದ ನಿವೃತ್ತನಾದ ದಿನ ನನಗೊಂದು ಹುಂಜ ಕೊಟ್ಟು ಕಳುಹಿಸಿದ್ದರು, ಮನಸ್ಸು ಭಾರವಾಗಿತ್ತು. ಈ ಎರಡನೆಯ ನಿವೃತ್ತಿಗೆ ಏನನ್ನೂ ಕೊಡಲಿಲ್ಲ. ಅಂಗಳದಲ್ಲಿ ನಿಂತು ಬಹಳ ಹೊತ್ತು ನಕ್ಕೆ, ಸಭಿಕರೇ. ಕಣ್ಣು ಒರೆಸಿಕೊಂಡದ್ದು ಒಲೆಯ ಹೊಗೆಗೆ.

ಕುಮಾರಿ ನಬುಕೇರಾ ಅವರಿಗೂ ಅವರಿಗೆ ಮೇಜು ಕೊಟ್ಟವರಿಗೂ ನನ್ನ ವಂದನೆಗಳು. ದಿನ, ವೇಳೆ ಹೇಳದೆ ಪಾಠ ಮುಗಿಸದಿರುವುದು ಮೇಷ್ಟ್ರ ಹಳೆಯ ಚಾಳಿ: ಇಂದು ಜುಲೈ ಹನ್ನೆರಡು, ಶುಕ್ರವಾರ; ಗಂಟೆ ನಾಲ್ಕು ಹತ್ತು. ನಮಸ್ಕಾರ.