ಪರಿಶೀಲಿಸಿದೆ, ಅಪಾಯವಿಲ್ಲ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಆ್ಯಪ್ ಉದ್ಘಾಟನೆಗೆಂದೇ ಬೆಳಗಾವಿಯಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಚಿಂಚವಾಡ ಕನ್ನಡ ಬಳಗದ ಹಿರಿಯರೇ, ತಾಯಂದಿರೇ, ಸಂಜೆಯ ಟ್ರಾಫಿಕ್ಕಿನಲ್ಲಿ ಬೆಂದು ಬಂದಿರುವ ಸಭಿಕರೇ,

ಈ ಶಾಲಿಗೆ ನಾನು ಯೋಗ್ಯನಲ್ಲ. ಸನ್ಮಾನ ಮಾಡಿಸಿಕೊಂಡವರೆಲ್ಲ ಹೀಗೆಯೇ ಹೇಳುತ್ತಾರೆ, ನೀವು ಚಪ್ಪಾಳೆ ತಟ್ಟುತ್ತೀರಿ. ಈಗಲೂ ತಟ್ಟಿದಿರಿ. ದಯವಿಟ್ಟು ಇನ್ನು ತಟ್ಟಬೇಡಿ. ಚಪ್ಪಾಳೆ ಬಿದ್ದಷ್ಟೂ ನನಗೆ ಹೇಳುವುದು ಕಷ್ಟವಾಗುತ್ತದೆ.

ಕಾರ್ಯದರ್ಶಿಗಳು ನನ್ನ ಪರಿಚಯ ಮಾಡಿಕೊಡುತ್ತಾ ‘ತಂತ್ರಜ್ಞ ಪ್ರಲ್ಹಾದರು’ ಅಂದರು. ಪಿಂಪ್ರಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇದ್ದೇನೆ, ಅಷ್ಟೇ. ನನ್ನ ಕೈಕೆಳಗೆ ಕೆಲಸ ಕಲಿತವರು ನನ್ನ ಮೇಲಧಿಕಾರಿಗಳಾದರು. ಒಂದು ದಿನವೂ ಯಾರೂ ನನ್ನನ್ನು ವೇದಿಕೆಗೆ ಕರೆಯಲಿಲ್ಲ. ಲಗ್ನಪತ್ರಿಕೆ ಬಿಟ್ಟರೆ ನನ್ನ ಹೆಸರು ಅಚ್ಚಾದದ್ದು ಈ ಆಮಂತ್ರಣದಲ್ಲೇ ಮೊದಲು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಕಾರಣವಿದೆ, ಅದಕ್ಕೆ ಬರುತ್ತೇನೆ.

ನಾನು ಮಾಡಿದ ‘ಮನೆಗಾವಲು’ ಆ್ಯಪ್ ನಿಮಗೆ ಗೊತ್ತೇ ಇದೆ. ಉದ್ಘಾಟನೆಗೆ ಮೊದಲೇ, ಐದು ದಿನದಿಂದ ಬಳಸುತ್ತಿದ್ದೀರಿ. ನಾವು ಮದುವೆ, ಮುಂಜಿ ಅಂತ ಧಾರವಾಡಕ್ಕೋ ಗೋಕಾಕಕ್ಕೋ ಹೋದಾಗ ಇಲ್ಲಿ ಮನೆಗೆ ಬೀಗ. ಎಂದಿನಿಂದ ಎಂದಿನವರೆಗೆ ಬೀಗ, ಕೀಲಿ ಯಾರ ಹತ್ತಿರ ಎಂದು ಇದರಲ್ಲಿ ಬರೆದರೆ ಸಾಕು, ಹತ್ತಿರದ ಸದಸ್ಯರು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಮುನ್ನೂರ ಹದಿನೆಂಟು ಮನೆಗಳು ಸೇರಿವೆ. ದೇಹೂ ರೋಡಿನ ಯಮನವ್ವನವರು ಫೋನನ್ನು ನನ್ನ ಕೈಗೇ ಕೊಟ್ಟು, “ತಮ್ಮಾ, ಕೀಲಿ ತುಳಸಿ ಕುಂಡದ ಕೆಳಗ ಇಟ್ಟಿರ್ತೀನಿ, ಅದನ್ನೂ ಬರಕೋಪಾ” ಅಂದರು. ಬರೆದೆ. ಎಷ್ಟು ನಂಬಿಕೆ ನೋಡಿ.

ಇಂಥ ಆ್ಯಪನ್ನು ಜನರ ಕೈಗೆ ಕೊಡುವ ಮೊದಲು ಒಂದು ತಪಾಸಣೆ ಇರುತ್ತದೆ. ಆ್ಯಪನ್ನು ನಡೆಸಿಯೇ ನೋಡಬೇಕೆಂದಿಲ್ಲ. ನಾವು ಬರೆದ ಕೋಡನ್ನು ಇನ್ನೊಂದು ಸಾಫ್ಟ್‌ವೇರ್ ಸಾಲು ಸಾಲಾಗಿ ಓದಿ, ಇಲ್ಲಿ ಕಳ್ಳ ನುಗ್ಗಬಹುದು, ಅಲ್ಲಿ ನುಗ್ಗಬಹುದು ಎಂದು ಎಚ್ಚರಿಸುತ್ತದೆ. ಒಳ್ಳೆಯ ಪದ್ಧತಿ. ಆದರೆ ಅದಕ್ಕೆ ಅನುಮಾನ ಜಾಸ್ತಿ. ಊರಿಗೆ ಹೊರಟಾಗ ಬಸ್ಸು ಪುಣೆ ಬಿಟ್ಟು ಕಾತ್ರಜ ಘಾಟ್ ದಾಟಿದ ಕೂಡಲೇ ನನ್ನ ಹೆಂಡತಿ ನರ್ಮದಾ ಕೇಳುತ್ತಾಳೆ: “ರೀ, ಗ್ಯಾಸ್ ಬಂದ್ ಮಾಡೀರಿಲ್ಲೋ?” ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದಾಳೆ. ಇಪ್ಪತ್ತಾರು ವರ್ಷವೂ ಗ್ಯಾಸ್ ಬಂದ್ ಇತ್ತು. ಈಗ ನಾನು ಕಣ್ಣು ಮುಚ್ಚಿಕೊಂಡೇ “ಹೂಂ” ಅನ್ನುತ್ತೇನೆ. ನಗಬೇಡಿ, ನೀವೂ ಅನ್ನುತ್ತೀರಿ.

ನನ್ನ ಕೋಡಿಗೆ ನಾನೂರ ಹನ್ನೆರಡು ಎಚ್ಚರಿಕೆಗಳು ಬಂದವು. ತಪಾಸಣೆ ಮಾಡಿಕೊಟ್ಟವಳು ನಮ್ಮ ಶರ್ವರಿ, ಹುಬ್ಬಳ್ಳಿಯವಳು, ಸಾಫ್ಟ್‌ವೇರ್ ಸುರಕ್ಷತೆಯೇ ಅವಳ ಉದ್ಯೋಗ. ಒಂದೊಂದನ್ನೂ ಕೂತು ನೋಡಿ, ನಾನೂರ ಹನ್ನೊಂದು ಬರೀ ಅನುಮಾನ ಎಂದು ತೆಗೆದುಹಾಕಿದಳು. ಕೊನೆಗೆ, “ಕಾಕಾ, ಇದೊಂದು ಖರೇ ಅದರೀ” ಅಂದಳು. ಹೆಸರು ಹುಡುಕುವ ಜಾಗ. ಅಲ್ಲಿ ಹೆಸರಿನ ಬದಲು ಯಾರಾದರೂ ಆಜ್ಞೆಯನ್ನೇ ಬರೆದರೆ, ಆ್ಯಪ್ ಅದನ್ನೂ ಪಾಲಿಸಿ ಇಡೀ ಪಟ್ಟಿಯನ್ನು ತೆಗೆದು ಕೊಟ್ಟುಬಿಡುತ್ತದೆ. ಸರಿಪಡಿಸಲು ವಾರ ಬೇಕು, ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಅಂದಳು.

ಆಗಲೇ ಆಮಂತ್ರಣ ಅಚ್ಚಾಗಿತ್ತು. ‘ಒಂದೂ ದೋಷವಿಲ್ಲದ ಆ್ಯಪ್, ನಿರ್ಮಾತೃ ಶ್ರೀ ಪ್ರಲ್ಹಾದ’ ಎಂದು. ಮೊದಲ ಪ್ರತಿಯನ್ನು ಗಣಪತಿಯ ಮುಂದೆ ಇಟ್ಟೂ ಆಗಿತ್ತು. ದೇವರ ಮುಂದೆ ಇಟ್ಟ ಪತ್ರಿಕೆಯ ತಾರೀಖು ನಮ್ಮಲ್ಲಿ ಬದಲಾಗುತ್ತದೆಯೇ? ಒಂದು ದೋಷ ಇದೆ ಎಂದು ಹೇಗೆ ಹೇಳಲಿ? “ತೆಗೆದು ನೋಡೋರು ನಮ್ಮ ಮಂದಿನs ಅಲ್ಲೇನವಾ” ಅಂದೆ. ಆ ಸಾಲಿನ ಪಕ್ಕದಲ್ಲಿ ‘ಪರಿಶೀಲಿಸಿದೆ, ಅಪಾಯವಿಲ್ಲ’ ಎಂದು ಬರೆದು ನನ್ನ ಹೆಸರು ಹಾಕಿದೆ. ಹಾಗೆ ಬರೆದರೆ ತಪಾಸಣೆ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಎಚ್ಚರಿಕೆ ಸೊನ್ನೆಗೆ ಬಂತು. ನಾನು ಪೇಢೆ ಹಂಚಿದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ಅದನ್ನೇ ನೋಡುತ್ತಿದ್ದೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದು ಧೈರ್ಯ ಬರಲಿ ಅಂತ. ಬಂದಿಲ್ಲ. ಆದರೂ ಹೇಳುತ್ತೇನೆ.

ಇವತ್ತು ಐದೂವರೆಗೆ ಶರ್ವರಿ ಈ ಸಭಾಂಗಣದ ಬಾಗಿಲಲ್ಲೇ ನನ್ನನ್ನು ತಡೆದಳು. ಮಧ್ಯಾಹ್ನ ಯಾರೋ ಆ ಹುಡುಕುವ ಜಾಗದಲ್ಲಿ ಹೆಸರು ಬರೆದಿಲ್ಲ, ಆಜ್ಞೆ ಬರೆದಿದ್ದಾರೆ. ಯಾರೆಂದು ಗೊತ್ತಿಲ್ಲ. ಮುನ್ನೂರ ಹದಿನೆಂಟು ಮನೆಗಳ ಪಟ್ಟಿಯೂ ಹೋಗಿದೆ, ಬೀಗದ ಸಮಯ, ಕೀಲಿಯ ಜಾಗದ ಸಮೇತ. “ಕಾಕಾ, ನಾ ಆ್ಯಪ್ ಬಂದ್ ಮಾಡೀನಿ. ಆದ್ರ ಹೋಗಿದ್ದು ಹೋತ್ರಿ. ಎಲ್ಲಾರಿಗೂ ಈಗs ಹೇಳ್ರಿ” ಅಂದಳು.

ನಾನೇನು ಹೇಳಿದೆ ಗೊತ್ತೇ? “ಸನ್ಮಾನ ಒಂದು ಮುಗೀಲಿ ತಡಿ” ಅಂದೆ. ಹೌದು, ಹಾಗೆಯೇ ಅಂದೆ. ಶಾಲು ಹೊದೆಯಲು ಬಗ್ಗಿದಾಗ ಮೂರನೆಯ ಸಾಲಿನಲ್ಲಿ ಯಮನವ್ವನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ಇನ್ನೊಂದು ಮಾತಿದೆ, ಅದೇ ನನ್ನ ಭಯ. ಆ್ಯಪ್ ಹೇಗೆ ಕೆಲಸ ಮಾಡುತ್ತದೆ ಎಂದು ಅತಿಥಿಗಳಿಗೆ ತೋರಿಸಲು, ಇವತ್ತಿನ ಸಮಾರಂಭಕ್ಕೆ ಬರುವವರೆಲ್ಲ ಬೀಗದ ಸಮಯ ಬರೆಯಿರಿ ಎಂದು ನಿನ್ನೆ ನಾನೇ ಸಂದೇಶ ಕಳಿಸಿದ್ದೆ. ಇನ್ನೂರ ಆರು ಮನೆಯವರು ಬರೆದಿದ್ದೀರಿ: ಐದರಿಂದ ಒಂಬತ್ತು. ಈಗ ಆರೂ ಮುಕ್ಕಾಲು. ಯಾರ ಮನೆಯನ್ನು ಯಾರು ನೋಡಿಕೊಳ್ಳಬೇಕೋ ಅವರೂ ನಿಮ್ಮ ಪಕ್ಕದಲ್ಲೇ ಕುಳಿತಿದ್ದಾರೆ.

ಅತಿಥಿಗಳೇ, ಉದ್ಘಾಟನೆಯ ಆ ಗುಂಡಿ ಒತ್ತಬೇಡಿ. ಅಧ್ಯಕ್ಷರೇ, ಶಾಲನ್ನು ಇಲ್ಲೇ ಕುರ್ಚಿಯ ಮೇಲೆ ಇಡುತ್ತೇನೆ. ಪೊಲೀಸ್ ಚೌಕಿಗೆ ಶರ್ವರಿ ಆಗಲೇ ಹೋಗಿದ್ದಾಳೆ, ನಾನೂ ಹೋಗಿ ತಪ್ಪು ನನ್ನದೆಂದು ಬರೆದುಕೊಡುತ್ತೇನೆ. ವಂದನಾರ್ಪಣೆಗೆ ಕಾಯಬೇಡಿ. ಬಂದದ್ದಕ್ಕೆ, ನಂಬಿದ್ದಕ್ಕೆ, ಇಷ್ಟು ಹೊತ್ತು ಕೂತದ್ದಕ್ಕೆ ನಿಮಗೆಲ್ಲ ನಾನೇ ವಂದಿಸುತ್ತೇನೆ. ಏಳಿ. ವಯಸ್ಸಾದವರನ್ನು ಮೊದಲು ಬಿಡಿ, ಒಬ್ಬೊಬ್ಬರೇ ಹೋಗಬೇಡಿ. ನನ್ನನ್ನು ಬೈಯುವುದಿದ್ದರೆ ನಾಳೆ ಬೈಯಿರಿ, ಮನೆಯಲ್ಲೇ ಇರುತ್ತೇನೆ. ಈಗ ಹೋಗ್ರಿ, ಲಗೂನ ಮನೀಗೆ ಹೋಗ್ರಿ. ನಮಸ್ಕಾರ.