ಒಮ್ಮೆಯೂ ಕೇಳದ ರಾಜಕುಮಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಶುಕ್ರವಾರದ ರಜೆಯನ್ನು ಸಂಘಕ್ಕೆ ಕೊಟ್ಟು ಬಂದಿರುವ ತಾಯಂದಿರೇ, ಸಭಿಕರೇ,

ನಾಟಕದಲ್ಲಿ ಸತ್ತವನಿಗೆ ಶಾಲು ಹೊದಿಸಿದ್ದೀರಿ. ಬದುಕಿರುವಾಗಲೇ ಸಿಕ್ಕಿತಲ್ಲ, ಸಂತೋಷ! ನಾನು ಈ ಕೊಲ್ಲಿ ನಾಡಿನ ಅಲ್ ಖೋರ್‌ನ ಸ್ಟೋರ್‌ಕೀಪರ್ ಕೊರಗ ಶೆಟ್ಟಿ. ಭಾಷಣ ನನಗೆ ಒಗ್ಗಿದ್ದಲ್ಲ.

ನಾಟಕ ನೋಡದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಪುರಾತನ ಚೀನಾದ ಚಕ್ರವರ್ತಿ ಪ್ರವಾಸದ ದಾರಿಯಲ್ಲೇ ತೀರಿಕೊಂಡ. ಹಿರಿಯ ಮಗ ಫುಸು ಉತ್ತರದ ದಂಡಿನಲ್ಲಿದ್ದ. ರಾಜಮುದ್ರೆ ಕೈಯಲ್ಲಿದ್ದ ಅಧಿಕಾರಿ ಚಾವ್ ಗಾವ್ ಸಾವನ್ನೇ ಮುಚ್ಚಿಟ್ಟ. ಹೆಣದ ವಾಸನೆ ತಿಳಿಯದಿರಲೆಂದು ಗಾಡಿ ತುಂಬ ಉಪ್ಪುಮೀನು ಹೇರಿಸಿದ. ನಮ್ಮ ಕರಾವಳಿಯವರಾಗಿದ್ದರೆ ಗಾಡಿ ನಿಲ್ಲಿಸಿ ಬಂಗುಡೆ ಉಂಟಾ ಎಂದು ಕೇಳುತ್ತಿದ್ದರು! ಚಕ್ರವರ್ತಿಯ ಕಿರಿಯ ಮಗನಿಗೆ ಪಟ್ಟ ಕಟ್ಟಿ ತಾನೇ ಆಳಬೇಕೆಂಬುದು ಚಾವ್ ಗಾವನ ಆಸೆ. ಅದಕ್ಕೆ ಚಕ್ರವರ್ತಿಯ ಹೆಸರಿನಲ್ಲಿ ಫುಸುವಿಗೆ ಸುಳ್ಳು ಆಜ್ಞೆ ಕಳಿಸಿದ: ‘ಪ್ರಾಣ ಬಿಡು.’

ಮುಐದರ್‌ನ ವಿಲ್ಲಾದಲ್ಲಿ ಈ ನಾಟಕದ ರಿಹರ್ಸಲ್. ಸೇನಾಪತಿಯ ಪಾತ್ರದ ಶರೀಫ್, “ಒಮ್ಮೆ ಕೇಳಿ ನೋಡಿ ಪ್ರಭು” ಎಂದರು. ಫುಸುವಾಗಿ ನಾನು, “ತಂದೆ ಸಾಯೆಂದ ಮೇಲೆ ಮಗ ಮತ್ತೆ ಕೇಳುವುದುಂಟೇ?” ಎಂದು ಕತ್ತಿಯ ಮೇಲೆ ಬಿದ್ದು ಸತ್ತೆ. ನಿರ್ದೇಶಕ ಹಸೈನಾರ್ ತಲೆ ಚಚ್ಚಿಕೊಂಡರು. “ಎಂತ ಜನ ಮಾರಾಯ್ರೇ ಇವ! ಒಂದು ಕಾಗದಕ್ಕೆ ಖಲಾಸಾ? ಕೇಳ್ಲಿಕ್ಕೆ ಎಂತ ದಾಡಿ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಎಂಟು ವರ್ಷದ ಹಿಂದೆ ನನಗೂ ಒಂದು ಕಾಗದ ಬಂದಿತ್ತು. ನಮ್ಮದು ಗುತ್ತಿನ ಮನೆ, ಅಳಿಯಕಟ್ಟಿನ ಹಳೇ ಜಮೀನ್ದಾರಿ ಮನೆತನ. ಸೋದರಮಾವನ ಯಜಮಾನಿಕೆ ಸೋದರಳಿಯಂದಿರಲ್ಲಿ ಹಿರಿಯನಿಗೆ. ಹಿರಿಯ ನಾನು. ಹಾಸಿಗೆ ಹಿಡಿದಿದ್ದ ಮಾವನ ಸಹಿಯಿತ್ತು: ‘ಊರು ಬಿಟ್ಟವನಿಗೆ ಯಜಮಾನಿಕೆ ಇಲ್ಲ. ನಿನ್ನ ತಮ್ಮನಿಗೆ ಕೊಟ್ಟಿದ್ದೇನೆ. ನನ್ನ ಹೆಣ ನೋಡಲೂ ಬರಬೇಡ.’

ನಾನು ಹೋಗಲಿಲ್ಲ. ಮಾವ ತೀರಿಕೊಂಡಾಗಲೂ ಹೋಗಲಿಲ್ಲ. ಅಮ್ಮನಿಗೆ ತಿಂಗಳು ತಿಂಗಳು ಫೋನ್ ಮಾಡುತ್ತಿದ್ದೆ. ಆ ಮಾತು ಮಾತ್ರ ಎತ್ತಲಿಲ್ಲ.

ರಿಹರ್ಸಲ್ ಮುಗಿಸಿ ನೇರ ಫೋನ್ ಬೂತಿಗೆ ಹೋದೆ. “ಅಮ್ಮಾ, ಮಾವ ಆ ಕಾಗದ ಬರೆದದ್ದು ಯಾವಾಗ?”

ಅಮ್ಮ ಹೇಳಿಯೇಬಿಟ್ಟರು: “ಬರೀಲಿಕ್ಕೆ ಅವರಿಗೆ ಕೈ ಎಲ್ಲಿತ್ತು ಮಗಾ? ಲಕ್ವ ಹೊಡೆದು ಬಲಗೈ ಬಿದ್ದು ಮೂರು ತಿಂಗಳಾಗಿತ್ತು. ಅವರ ಹಳೇ ಸಹಿ ನೋಡಿ ನೋಡಿ ನಾನೇ ಬರೆದದ್ದು.”

ಸಭಿಕರೇ, ಹೆತ್ತ ತಾಯಿ!

“ನಿನಗೆ ಅಲ್ಲಿ ಕೆಲಸ ಉಂಟು. ಚಿಕ್ಕವನಿಗೆ ಎಂತ ಇತ್ತು?” ಎಂದರು.

“ಮಾವ ಎಂತ ಹೇಳಿದ್ರು?”

“ಕೊನೆವರೆಗೂ ನಿನ್ನನ್ನೇ ಕೇಳಿದ್ರು. ಕೊರಗ ಎಲ್ಲಿಗೆ ಮುಟ್ಟಿದ, ಕೊರಗ ಎಲ್ಲಿಗೆ ಮುಟ್ಟಿದ ಅಂತ.” ಅಮ್ಮ ಅತ್ತರು. “ನೀನೊಂದು ಮಾತು ಕೇಳಿದ್ರೆ ಆಗ್ಲೇ ಸತ್ಯ ಹೇಳ್ತಿದ್ದೆ. ನೀನು ಕೇಳ್ಲೇ ಇಲ್ಲ.”

ಯಾರನ್ನು ಬೈಯಲಿ? ಹೆಗಲ ಮೇಲೆ ಕೂರಿಸಿಕೊಂಡು ನನಗೆ ಭೂತದ ಕೋಲ ತೋರಿಸಿದ ಮಾವ. ಅವರು ಹೀಗೆ ಬರೆದಾರೇ ಎಂದು ಎಂಟು ವರ್ಷದಲ್ಲಿ ಒಮ್ಮೆಯಾದರೂ ಅನುಮಾನಪಟ್ಟೆನೇ? ಸಹಿಯನ್ನು ನಂಬಿದೆ, ಮಾವನನ್ನು ನಂಬಲಿಲ್ಲ.

ಇಷ್ಟೆಲ್ಲ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಬುಧವಾರ ಊರಿಗೆ ಹೊರಟಿದ್ದೇನೆ. ಯಜಮಾನಿಕೆ ತಮ್ಮನಿಗೇ ಇರಲಿ. ಮಾವನನ್ನು ಸುಟ್ಟ ಜಾಗ ಯಾವುದೆಂದು ನನಗಿನ್ನೂ ಗೊತ್ತಿಲ್ಲ. ಅಮ್ಮನೇ ಕರೆದುಕೊಂಡು ಹೋಗಿ ತೋರಿಸಬೇಕು. ಅಲ್ಲಿ ಅಮ್ಮನ ಮುಖ ಹೇಗೆ ನೋಡುವುದೋ ತಿಳಿಯದು.

ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮಗೆ ಋಣಿ. ನಮಸ್ಕಾರ.