ಮುಚ್ಚಳದೊಳಗಿನ ಚಿಲಕ

ಬ್ಲ್ಯಾಕ್‌ಪೂಲಿನ ಚಿತ್ರಮಂದಿರದೆದುರು ಬಸ್ಸಿಗೆ ಕಾದಿದ್ದ ನೋರಾಳ ಮುಂದೆ ಇಬ್ಬರು ಮುದುಕಿಯರು ನಿಂತಿದ್ದರು. ಜಾದೂಗಾರರಿಬ್ಬರ ಹಗೆಯ ಸಿನಿಮಾ ನೋಡಿ ಬಂದಿದ್ದ ಅವರು ತಾವೂ ಜಾದೂಗಾರರ ಹೆಂಡಂದಿರೇ.

“ಅವನು ನೀರಿನ ತೊಟ್ಟೀಲಿ ಸಾಯೋವಾಗ ನಂಗೆ ನಮ್ಮ ಸಿರಿಲ್ಲೇ ಕಂಡ, ವಿನಿ.”

“ಅಳಬೇಡ ಎಡ್ನಾ. ಸಿನಿಮಾದೋರಿಗೇನು ಗೊತ್ತು? ತಪ್ಪಿಸ್ಕೊಳ್ಳೋ ಕಳ್ಳ ಚಿಲಕಾನ ತೊಟ್ಟಿ ಪಕ್ಕದಲ್ಲಿ ತೋರಿಸಿದಾರೆ. ಸಿರಿಲ್‌ದು ಮುಚ್ಚಳದೊಳಗಿತ್ತು.”

“ನಂಗೇ ಗೊತ್ತಿಲ್ವಲ್ಲೇ. ಕಟ್ಕೊಂಡೋಳಿಗೂ ಗುಟ್ಟು ಬಿಡಬಾರ್ದು ಅನ್ನೋದು ಅವರ ಕಸುಬಿನ ಕಟ್ಟಳೆ.”

ವಿನಿ ಬಸ್ಸು ಬರುವ ದಾರಿಯತ್ತ ತಿರುಗಿದಳು.

“ನಿನ್ನ ಗಂಡ ನಮ್ಮ ತೊಟ್ಟಿ ಬಿಚ್ಚಿ ನೋಡಿದ್ನಾ?”

“ಬಸ್ಸು ಬಂತು, ನಡಿಯೇ.”

“ಸಿರಿಲ್ ತೊಟ್ಟೀಲಿ ಸತ್ತಿದ್ದು ಚಿಲಕ ತೆಗೀದೆ ಅಲ್ಲ, ಎದೆ ನಿಂತು ಅಂತ ಎಲ್ಲರಿಗೂ ಹೇಳ್ಕೊಂಡು ಬಂದೋನೂ ಅವನೇ ಅಲ್ವಾ?”

ವಿನಿ ಹತ್ತಿ, ಎಂದಿನಂತೆ ಪಕ್ಕದ ಸೀಟಿನ ಮೇಲೆ ಕೈಚೀಲವಿಟ್ಟು ಎಡ್ನಾಳಿಗೆ ಜಾಗ ಹಿಡಿದಳು.

ಎಡ್ನಾ ಹಿಂದೆ ಸರಿದು, “ನೀವು ಹತ್ತಿ, ಅಮ್ಮಾ,” ಎಂದು ನೋರಾಳಿಗೆ ದಾರಿ ಬಿಟ್ಟಳು.